ಯಲ್ಲಾಪುರದ ಸಿದ್ದಿ, ಅಂಡಮಾನಿನ ಜರವಾ: ‘ರೇಸ್’ ಲೆಕ್ಕ ತಪ್ಪುವುದು ಎಲ್ಲಿ?

ಮೈಬಣ್ಣ, ಮುಖ ನೋಡಿ ಮನುಷ್ಯರನ್ನು ವಿಂಗಡಿಸುವ ಇಂಗ್ಲಿಷಿನ ‘ರೇಸ್’ ಅನ್ನುವುದಕ್ಕೆ ಕನ್ನಡದಲ್ಲಿ ಸರಿಯಾಗಿ ಕೂರುವ ಪದ ಇಲ್ಲ. ಪತ್ರಿಕೆಗಳು ‘ಜನಾಂಗ’ ಅಂತ ಬರೆಯುತ್ತವೆ. ಆದರೆ ನಮ್ಮ ಕಡೆ ಯಾರಾದರೂ “ತಮ್ಮದು ಯಾವ ಜನಾಂಗ?” ಅಂದರೆ ಅವರು ಕೇಳುತ್ತಿರುವುದು ಜಾತಿ. ಬಾಯಿಬಿಟ್ಟು ಕೇಳಲು ಸಂಕೋಚ, ಅಷ್ಟೇ. ‘ವರ್ಣ’ ಅಂದರೆ ಬಣ್ಣವೂ ಹೌದು, ಮನು ಹೇಳಿದ ನಾಲ್ಕು ವರ್ಣವೂ ಹೌದು. ಅದು ಇನ್ನೂ ಗೋಜಲು. ಹಾಗಾಗಿ ಇಲ್ಲಿ ‘ರೇಸ್’ ಅಂತಲೇ ಬರೆಯುತ್ತೇನೆ.

ಪದ ಇಲ್ಲದಿದ್ದರೂ ಯೋಚನೆ ಚೆನ್ನಾಗಿಯೇ ಬೇರೂರಿದೆ. ಕೆಎಎಸ್, ಯುಪಿಎಸ್‌ಸಿಗೆ ಓದುವವರು ಈಗಲೂ ಮಾನವಶಾಸ್ತ್ರಜ್ಞ ಬಿ.ಎಸ್. ಗುಹಾ ಅವರ ವರ್ಗೀಕರಣವನ್ನು ಬಾಯಿಪಾಠ ಮಾಡುತ್ತಾರೆ: ನೆಗ್ರಿಟೊ, ಪ್ರೋಟೊ ಆಸ್ಟ್ರಲಾಯ್ಡ್, ಮಂಗೋಲಾಯ್ಡ್, ಹೀಗೆ. ಅದು 1931ರ ಜನಗಣತಿಯ ಕಾಲದ ಸರಕು. ಗೈಡ್ ಬರೆಯುವವರು ಅದನ್ನು ಇನ್ನೂ ಕೈಬಿಟ್ಟಿಲ್ಲ.

ರೇಸ್ ಅನ್ನುವ ಯೋಚನೆಯೊಳಗೆ ಮೂರು ಮಾತು ಸೇರಿಕೊಂಡಿವೆ. ಮನುಷ್ಯರನ್ನೆಲ್ಲ ನಾಲ್ಕೈದು ಡಬ್ಬಿಗಳಲ್ಲಿ ತುಂಬಿಡಬಹುದು. ಡಬ್ಬಿಗಳ ನಡುವಿನ ಗೆರೆಯನ್ನು ಪ್ರಕೃತಿಯೇ ಎಳೆದಿದೆ. ಹೊರಗಿನ ಲೇಬಲ್ ನೋಡಿದರೆ ಒಳಗೇನಿದೆ ಅಂತ ಗೊತ್ತಾಗುತ್ತದೆ. ಮನುಷ್ಯರ ನಡುವೆ ವ್ಯತ್ಯಾಸ ಇದೆಯಾ ಅಂತ ಯಾರೂ ಜಗಳ ಆಡುತ್ತಿಲ್ಲ. ಇದೆ, ಕಣ್ಣಿಗೇ ಕಾಣುತ್ತದೆ. ಜಗಳ ಇರುವುದು ಡಬ್ಬಿಯ ಬಗ್ಗೆ.

ಉತ್ತರ ಕನ್ನಡದಿಂದಲೇ ಶುರು ಮಾಡೋಣ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ. ಕಪ್ಪು ಮೈ, ಗುಂಗುರು ಕೂದಲು. ಮನೆಯಲ್ಲಿ ಕೊಂಕಣಿ ಬೆರೆತ ಮಾತು, ಪೇಟೆಗೆ ಬಂದರೆ ಕನ್ನಡ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಹಬ್ಬ ಬಂದರೆ ಡಮಾಮಿ ಬಾರಿಸಿ ಕುಣಿಯುತ್ತಾರೆ. ಅವರ ಹಿರಿಯರನ್ನು ಪೋರ್ಚುಗೀಸರು ಮತ್ತು ಅರಬ್ ವ್ಯಾಪಾರಿಗಳು ಆಫ್ರಿಕಾದಿಂದ ಹಡಗಿನಲ್ಲಿ ತಂದಿದ್ದರು, ಬಹಳಷ್ಟು ಜನರನ್ನು ಗುಲಾಮರಾಗಿ.

ಈಗ ಬಂಗಾಳ ಕೊಲ್ಲಿ ದಾಟಿ ಅಂಡಮಾನಿಗೆ ಹೋದರೆ ಅಲ್ಲಿ ಜರವಾ, ಓಂಗೆ ಜನ. ಅವರದ್ದೂ ಕಪ್ಪು ಮೈ, ಗುಂಗುರು ಕೂದಲು. ಹಳೆಯ ವಿದ್ವಾಂಸರು ಅವರನ್ನು ‘ನೆಗ್ರಿಟೊ’ ಅಂತ ಕರೆದರು. ಸ್ಪ್ಯಾನಿಷ್‌ನಲ್ಲಿ ಅದಕ್ಕೆ ಪುಟ್ಟ ಕರಿಯ ಅಂತ ಅರ್ಥ. ಸಿದ್ದಿಯ ಫೋಟೊ, ಜರವಾ ಫೋಟೊ ಪಕ್ಕಪಕ್ಕ ಇಟ್ಟು ಕೇಳಿದರೆ ನಾವೆಲ್ಲ ಇಬ್ಬರನ್ನೂ ಒಂದೇ ಡಬ್ಬಿಗೆ ಹಾಕುತ್ತೇವೆ.

ಡಿಎನ್‌ಎ ಬೇರೆಯದೇ ಕಥೆ ಹೇಳಿತು. ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಸಿಸಿಎಂಬಿಯಲ್ಲಿ ಕೆ. ತಂಗರಾಜ್, ಲಾಲ್‌ಜಿ ಸಿಂಗ್ ಮತ್ತು ಅವರ ಜೊತೆಗಾರರು 2005ರಲ್ಲಿ ಅಂಡಮಾನಿನವರ ತಾಯಿ ಕಡೆಯ ವಂಶವಾಹಿಯನ್ನು ಓದಿದರು. ಆಫ್ರಿಕಾದಿಂದ ಹೊರಬಿದ್ದ ಆದಿ ಗುಂಪು ಹತ್ತಾರು ಸಾವಿರ ವರ್ಷಗಳ ಹಿಂದೆ ಏಷ್ಯಾದ ಕಡೆ ಹರಡಿತಲ್ಲ, ಅದರದ್ದೇ ಒಂದು ಕವಲು ಇವರು. ಇವತ್ತಿನ ಆಫ್ರಿಕಾದವರಿಗಿಂತ ಇವರು ನಮಗೆ ಹತ್ತಿರ, ಚೀನಾದವರಿಗೆ ಹತ್ತಿರ, ಅಷ್ಟೇಕೆ, ಬೆಳ್ಳಗಿನ ಸ್ವೀಡನ್ನಿನವರಿಗೂ ಹತ್ತಿರ. 2009ರ ಇನ್ನೊಂದು ಅಧ್ಯಯನದ ಪ್ರಕಾರ ಓಂಗೆಗಳು ದಕ್ಷಿಣ ಭಾರತದ ಅತಿ ಹಳೆಯ ಪೂರ್ವಜರ ದೂರದ ದಾಯಾದಿಗಳು. ಸಿದ್ದಿಗಳ ವಿಷಯ ತಿರುಗಾ ಮುರುಗಾ. 2011ರಲ್ಲಿ ಬಂದ ಅಧ್ಯಯನದಲ್ಲಿ ಅವರ ವಂಶವಾಹಿಯಲ್ಲಿ ನೂರಕ್ಕೆ ಸುಮಾರು 60ರಿಂದ 75 ಪಾಲು ಆಫ್ರಿಕಾದ್ದು, ಉಳಿದದ್ದು ಇಲ್ಲಿಯ ಜನರದ್ದು ಮತ್ತು ಒಂದಿಷ್ಟು ಯುರೋಪಿನದು ಅಂತ ಕಂಡಿತು.

ಅಂದರೆ ನೋಡಲು ಒಂದೇ ಥರ ಇರುವ ಇಬ್ಬರು, ಒಳಗೆ ಮನುಷ್ಯಕುಲದ ಎರಡು ದೂರದ ಕೊಂಬೆಗಳು. ಬಿಸಿಲು ಜಾಸ್ತಿ ಇರುವ ಕಡೆ ಹಳೆಯ ಕಪ್ಪು ಬಣ್ಣ ಹಾಗೇ ಉಳಿಯಿತು. ನಾವು ಅದನ್ನೇ ನೆಂಟಸ್ತಿಕೆ ಅಂತ ಓದಿಕೊಂಡೆವು.

ಈ ತಪ್ಪು ಓದು ಒಮ್ಮೆ ಸರ್ಕಾರಿ ಯೋಜನೆಯೂ ಆಗಿತ್ತು. 1987ರ ಹೊತ್ತಿಗೆ ಭಾರತೀಯ ಕ್ರೀಡಾ ಪ್ರಾಧಿಕಾರ ಸ್ಪೆಷಲ್ ಏರಿಯಾ ಗೇಮ್ಸ್ ಅನ್ನುವ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆರಿಸಿ ಓಟ, ಜಿಗಿತಕ್ಕೆ ತರಬೇತಿ ಕೊಟ್ಟಿತು. ಲೆಕ್ಕಾಚಾರ ಸರಳ: ಆಫ್ರಿಕಾದ ರಕ್ತ, ಅಂದಮೇಲೆ ಪದಕ ಗ್ಯಾರಂಟಿ. ಕೆಲವರು ನಿಜಕ್ಕೂ ಒಳ್ಳೆಯ ಅಥ್ಲೀಟ್‌ಗಳಾದರು. ಹಾಸ್ಟೆಲ್, ಹೊಟ್ಟೆ ತುಂಬ ಊಟ, ಕೋಚ್ ಸಿಕ್ಕರೆ ಯಾವ ಹಳ್ಳಿಯ ಮಕ್ಕಳಲ್ಲೂ ಒಂದಿಷ್ಟು ಜನ ಹಾಗಾಗುತ್ತಾರೆ. ಯೋಜನೆ ಕೆಲವೇ ವರ್ಷಗಳಲ್ಲಿ ನಿಂತೂ ಹೋಯಿತು. ನನಗೆ ತಮಾಷೆ ಅನ್ನಿಸುವುದು ‘ಆಫ್ರಿಕಾದ ರಕ್ತ’ ಅನ್ನುವ ಮಾತು. ಲೋಕದ ಅತಿ ಎತ್ತರದ ಜನರಲ್ಲಿ ಒಬ್ಬರಾದ ಡಿಂಕಾಗಳು ಆಫ್ರಿಕಾದವರು, ಅತಿ ಕುಳ್ಳರಾದ ಎಂಬುಟಿಗಳೂ ಆಫ್ರಿಕಾದವರೇ. ದೂರದ ಓಟದಲ್ಲಿ ಹೆಸರಾದವರು ಕೀನ್ಯಾ, ಇಥಿಯೋಪಿಯಾದ ಎತ್ತರದ ನಾಡುಗಳ ಕೆಲವೇ ಸಮುದಾಯಗಳವರು. ಇಡೀ ಖಂಡಕ್ಕೆ ಒಂದು ಕಾಲಿನ ಜೋಡಿ ಕೊಟ್ಟರೆ ಹೇಗೆ?

ಅಳತೆಗೋಲು ಹಿಡಿದವರು

ಡಬ್ಬಿಗಳು ಬಂದದ್ದು ಎಲ್ಲಿಂದ? ಗಿಡ, ಪ್ರಾಣಿಗಳಿಗೆಲ್ಲ ಹೆಸರಿಟ್ಟ ಸ್ವೀಡನ್ನಿನ ಲಿನೇಯಸ್ 1758ರ ಹೊತ್ತಿಗೆ ಮನುಷ್ಯರನ್ನೂ ನಾಲ್ಕು ಬಗೆ ಮಾಡಿದ: ಅಮೆರಿಕ, ಯುರೋಪ್, ಏಷ್ಯಾ, ಆಫ್ರಿಕಾ. ಬರೀ ಬಣ್ಣ ಬರೆದು ಸುಮ್ಮನಿರಲಿಲ್ಲ, ಗುಣವನ್ನೂ ಸೇರಿಸಿದ. ಯುರೋಪಿನವನು ಚುರುಕು, ಆಫ್ರಿಕಾದವನು ಸೋಮಾರಿ. ಬರೆದವನು ಎಲ್ಲಿಯವನು ಅಂತ ಊಹಿಸುವುದು ಕಷ್ಟವಲ್ಲ. ಆಮೇಲೆ ಜರ್ಮನಿಯ ಬ್ಲೂಮೆನ್‌ಬಾಖ್ 1795ರಲ್ಲಿ ಐದು ಬಗೆ ಅಂದ. ಜಾರ್ಜಿಯಾ ದೇಶದ ಒಬ್ಬ ಹೆಂಗಸಿನ ತಲೆಬುರುಡೆ ಅವನಿಗೆ ತುಂಬ ಚೆಂದ ಕಂಡಿತು. ಅದು ಕಾಕಸಸ್ ಬೆಟ್ಟಗಳ ಕಡೆಯದು, ಹಾಗಾಗಿ ಬಿಳಿಯರಿಗೆಲ್ಲ ‘ಕಕೇಶಿಯನ್’ ಅಂತ ಹೆಸರಾಯಿತು. ಅಮೆರಿಕದಲ್ಲಿ ಪೊಲೀಸರು, ಡಾಕ್ಟರುಗಳು ಬಹುಕಾಲ ಬಳಸಿದ ಪದದ ಹಿಂದೆ ಇರುವುದು ಇಷ್ಟೇ. ನ್ಯಾಯಕ್ಕೆ ಒಂದು ಮಾತು ಹೇಳಬೇಕು: ಈ ಬಗೆಗಳು ಒಂದರೊಳಗೊಂದು ಕರಗಿಹೋಗುತ್ತವೆ, ನಡುವೆ ಗೆರೆ ಎಳೆಯಲು ಆಗದು ಅಂತ ಬ್ಲೂಮೆನ್‌ಬಾಖ್ ತಾನೇ ಬರೆದಿದ್ದ. ಓದಿದವರು ಆ ಸಾಲು ಬಿಟ್ಟು ಹೆಸರು ಮಾತ್ರ ಹಿಡಿದುಕೊಂಡರು.

1871ರಲ್ಲಿ ಡಾರ್ವಿನ್ ಒಂದು ಲೆಕ್ಕ ಹಾಕಿದ. ಮನುಷ್ಯರಲ್ಲಿ ಎಷ್ಟು ರೇಸ್ ಇವೆ ಅಂತ ಅಲ್ಲಿಯವರೆಗಿನ ಪಂಡಿತರು ಹೇಳಿದ್ದರು? ಒಬ್ಬ ಎರಡು ಅಂದಿದ್ದ. ಇನ್ನೊಬ್ಬ ಮೂರು, ನಾಲ್ಕು, ಐದು, ಆರು, ಹೀಗೇ ಏರುತ್ತಾ 22, 60, ಕೊನೆಗೆ 63. ನಿಜವಾಗಿ ಬೇರೆ ಬೇರೆ ಇರುವುದನ್ನು ಎಣಿಸಿದರೆ ಲೆಕ್ಕ ಇಷ್ಟು ಹೆಚ್ಚುಕಡಿಮೆ ಆಗುತ್ತದಾ? ಹಸು, ಎಮ್ಮೆ, ಮೇಕೆ ಎಣಿಸಲು ನೂರು ಜನರನ್ನು ಕಳಿಸಿದರೆ ನೂರೂ ಜನ ಮೂರೇ ಬಗೆ ಅಂತಾರೆ.

ನಮ್ಮಲ್ಲಿಗೆ ಈ ಅಳತೆಗೋಲು ತಂದವರಲ್ಲಿ ದೊಡ್ಡ ಹೆಸರು ಹರ್ಬರ್ಟ್ ರಿಸ್ಲಿ, 1901ರ ಜನಗಣತಿಯ ಕಮಿಷನರ್. ಅವನಿಗೆ ಮೂಗಿನ ಹುಚ್ಚು. ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಒಂದು ಅಂಕಿ ಬರುತ್ತದೆ. ಮೂಗು ಅಗಲವಾದಷ್ಟೂ ಜಾತಿ ಕೆಳಗೆ ಅನ್ನುವುದು ಅವನ ಸಿದ್ಧಾಂತ. ಅತ್ತ ಮದ್ರಾಸ್ ಮ್ಯೂಸಿಯಮ್ಮಿನಲ್ಲಿ ಎಡ್ಗರ್ ಥರ್ಸ್ಟನ್ ಕ್ಯಾಲಿಪರ್ ಹಿಡಿದು ದಕ್ಷಿಣದ ತಲೆ, ಮೂಗು ಅಳೆಯುತ್ತಿದ್ದ. 1932ರಲ್ಲಿ ಸಮಾಜಶಾಸ್ತ್ರಜ್ಞ ಜಿ.ಎಸ್. ಘುರ್ಯೆ ಅದೇ ಅಂಕಿಗಳನ್ನು ಪ್ರಾಂತ್ಯವಾರು ಇಟ್ಟು ನೋಡಿದರು. ಉತ್ತರದ ಒಂದು ಭಾಗ ಬಿಟ್ಟರೆ ಉಳಿದ ಕಡೆ ಮೂಗಿಗೂ ಜಾತಿಗೂ ತಾಳೆ ಆಗಲಿಲ್ಲ. ಕಲ್ಕತ್ತೆಯ ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಲನೋಬಿಸ್ ಕೂಡ ರಿಸ್ಲಿಯ ಅಳತೆಗಳನ್ನು ಮತ್ತೆ ಕೆದಕಿದರು. ಒಂದು ಅಳತೆ ನಂಬಿದರೆ ಮೋಸ, ಹಲವು ಅಳತೆ ಒಟ್ಟಿಗೆ ನೋಡಬೇಕು ಅನ್ನುವ ಈ ಹುಡುಕಾಟದಲ್ಲೇ, ಹಲವು ಅಳತೆ ಸೇರಿಸಿ ಎರಡು ಗುಂಪು ಎಷ್ಟು ದೂರ ಅಂತ ಹೇಳುವ 1936ರ ‘ಮಹಲನೋಬಿಸ್ ಡಿಸ್ಟೆನ್ಸ್’ ಸೂತ್ರ ರೂಪ ಪಡೆಯಿತು. ಬೆಂಗಳೂರಿನ ಡೇಟಾ ಸೈನ್ಸ್ ಹುಡುಗರು ಅದನ್ನು ದಿನಾ ಬಳಸುತ್ತಾರೆ. ಅದರ ಹಿಂದೆ ಬಂಗಾಳದ ಜನರ ಮೂಗು, ತಲೆ ಅಳತೆ ಇದೆ ಅಂತ ಅವರಲ್ಲಿ ಎಷ್ಟು ಜನಕ್ಕೆ ಗೊತ್ತೋ.

ಇರಾವತಿ ಕರ್ವೆ ಅವರ ಕಥೆ ನನಗೆ ಇದಕ್ಕಿಂತ ಇಷ್ಟ. ಮಹಾಭಾರತದ ಪಾತ್ರಗಳ ಬಗ್ಗೆ ಬರೆದವರಾಗಿ ಕನ್ನಡದ ಓದುಗರಿಗೂ ಅವರು ಗೊತ್ತು. 1920ರ ದಶಕದ ಕೊನೆಯಲ್ಲಿ ಅವರು ಪಿಎಚ್‌ಡಿಗೆ ಬರ್ಲಿನ್ನಿಗೆ ಹೋದರು. ಗೈಡ್ ಓಯಿಗನ್ ಫಿಶರ್, ಮುಂದೆ ನಾಜಿಗಳ ರೇಸ್ ನೀತಿಗೆ ವಿಜ್ಞಾನದ ಮುದ್ರೆ ಒತ್ತಿದವನು. ಬಿಳಿಯರ ತಲೆಬುರುಡೆ ಒಂದು ಕಡೆ ಸ್ವಲ್ಪ ಉಬ್ಬಿರುತ್ತದೆ, ಅದಕ್ಕೇ ಅವರಿಗೆ ತರ್ಕಬುದ್ಧಿ ಜಾಸ್ತಿ ಅಂತ ಅವನ ಊಹೆ. ಅದನ್ನು ಸಾಬೀತು ಮಾಡುವ ಕೆಲಸ ಈ ಹುಡುಗಿಗೆ ಬಂತು. ಕರ್ವೆ 149 ಬುರುಡೆಗಳನ್ನು ಮುಂದಿಟ್ಟುಕೊಂಡು ಎಡ, ಬಲ ಅಳೆದರು. ಜರ್ಮನಿಯ ವಸಾಹತುಗಳಿಂದ ತಂದ ಆಫ್ರಿಕನ್ನರ ಬುರುಡೆಗಳೂ ಅದರಲ್ಲಿದ್ದವು. ಸೊಟ್ಟ ಎಲ್ಲರ ಬುರುಡೆಯಲ್ಲೂ ಇತ್ತು. ಅದಕ್ಕೂ ರೇಸಿಗೂ ಸಂಬಂಧ ಸಿಗಲಿಲ್ಲ. ಅದನ್ನೇ ಪ್ರಬಂಧದಲ್ಲಿ ಬರೆದರು. ಗೈಡಿಗೆ ಎದುರಾಗಿ ಪ್ರಬಂಧ ಬರೆಯುವುದು ಇವತ್ತಿಗೂ ಎಷ್ಟು ಕಷ್ಟ ಅಂತ ಪಿಎಚ್‌ಡಿ ಮಾಡಿದವರಿಗೆ ಗೊತ್ತು. ಫಿಶರ್ ಪಾಸು ಮಾಡಿದ, ಆದರೆ ಕಡಿಮೆ ದರ್ಜೆ ಕೊಟ್ಟ.

ನೂರು ರೂಪಾಯಿಯ ಲೆಕ್ಕ

ಬುರುಡೆಯಿಂದ ಜೀನ್‌ಗೆ ಬರೋಣ. ನಮ್ಮ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಯಾವುದೇ ಇಬ್ಬರನ್ನು ತೆಗೆದುಕೊಂಡರೂ ಸುಮಾರು 99.9 ಪಾಲು ಒಂದೇ. ಉಳಿದ 0.1 ಅಂದರೆ ಅದೂ 30 ಲಕ್ಷ ಅಕ್ಷರ, ತೀರಾ ಕಡಿಮೆ ಅಲ್ಲ. ಪ್ರಶ್ನೆ ಏನೆಂದರೆ, ಆ ವ್ಯತ್ಯಾಸ ಹೇಗೆ ಹಂಚಿಹೋಗಿದೆ?

1972ರಲ್ಲಿ ಅಮೆರಿಕದ ತಳಿವಿಜ್ಞಾನಿ ರಿಚರ್ಡ್ ಲೆವೊಂಟಿನ್ ಇದನ್ನು ಲೆಕ್ಕ ಹಾಕಿದರು. ಆಗ ಡಿಎನ್‌ಎ ಓದುವುದು ಸಾಧ್ಯವಿರಲಿಲ್ಲ. ರಕ್ತದ ಗುಂಪು, ರಕ್ತದ ಪ್ರೋಟೀನುಗಳ ಮಾಹಿತಿ ಬಳಸಿದರು. ಮನುಷ್ಯರಲ್ಲಿ ಒಟ್ಟು ನೂರು ರೂಪಾಯಿಯಷ್ಟು ವ್ಯತ್ಯಾಸ ಇದೆ ಅಂದುಕೊಳ್ಳಿ. ಅದರಲ್ಲಿ 85 ರೂಪಾಯಿ ಒಂದೇ ಸಮುದಾಯದ ಒಳಗೇ ಸಿಗುತ್ತದೆ. ಸುಮಾರು 8 ರೂಪಾಯಿ ಒಂದೇ ರೇಸ್ ಅನ್ನಿಸಿಕೊಂಡ ಬೇರೆ ಬೇರೆ ಸಮುದಾಯಗಳ ನಡುವೆ. ರೇಸ್ ರೇಸ್‌ಗಳ ನಡುವೆ ಉಳಿಯುವುದು ಆರು ರೂಪಾಯಿ ಚಿಲ್ಲರೆ. ಇಡೀ ಲೋಕ ಮುಳುಗಿ ಒಂದೇ ಒಂದು ಸಮುದಾಯ ಉಳಿದರೂ ಮನುಷ್ಯಕುಲದ ವೈವಿಧ್ಯದ ದೊಡ್ಡ ಪಾಲು ಉಳಿದೇ ಇರುತ್ತದೆ.

ಇದು ನಿಮಗೂ ಗೊತ್ತಿರುವ ಸಂಗತಿಯೇ, ಬ್ಲಡ್ ಬ್ಯಾಂಕಿನ ಕೌಂಟರಿನಲ್ಲಿ ನಿಂತಿದ್ದರೆ. ಅಪ್ಪನಿಗೆ ಆಪರೇಷನ್, ಬಿ ಪಾಸಿಟಿವ್ ಬೇಕು. ಒಡಹುಟ್ಟಿದ ಚಿಕ್ಕಪ್ಪ ತೋಳು ಮಡಚಿ ನಿಲ್ಲುತ್ತಾರೆ, ಅವರದ್ದು ಎ ಪಾಸಿಟಿವ್, ನಡೆಯುವುದಿಲ್ಲ. ಅದೇ ಲೈನಿನಲ್ಲಿ ನೈಜೀರಿಯಾದ ವಿದ್ಯಾರ್ಥಿಯೊಬ್ಬ ನಿಂತಿದ್ದರೆ ಅವನದು ಹೊಂದಬಹುದು. ಚೀಲದ ಮೇಲೆ ಗುಂಪು ಬರೆದಿರುತ್ತದೆ, ರೇಸ್ ಬರೆದಿರುವುದಿಲ್ಲ. ಅಂದಹಾಗೆ, ಎ ಮತ್ತು ಬಿ ಅನ್ನುವ ಈ ಭೇದ ಮನುಷ್ಯರಿಗಿಂತಲೂ ಹಳೆಯದು. ಗಿಬ್ಬನ್ ವಾನರಗಳಲ್ಲೂ ಇದೆ.

ನಾವೇಕೆ ಇಷ್ಟೊಂದು ಒಂದೇ ಥರ? ನಾವು ಹೊಸಬರು, ಅದಕ್ಕೆ. ಮನುಷ್ಯ ಅನ್ನುವ ಜೀವಜಾತಿಯ ಅತಿ ಹಳೆಯ ಪಳೆಯುಳಿಕೆ ಅಂತ ಹೇಳಲಾಗುವುದು ಮೊರಾಕ್ಕೊದ ಜೆಬೆಲ್ ಇರೂದಿನಲ್ಲಿ ಸಿಕ್ಕಿದ್ದು, ಸುಮಾರು 3 ಲಕ್ಷ ವರ್ಷ ಹಳೆಯದು. ಅದರಲ್ಲೂ ಬಹುಪಾಲು ಕಾಲ ನಾವು ಆಫ್ರಿಕಾದಲ್ಲೇ ಇದ್ದೆವು. ಇವತ್ತು ಹೊರಗಿರುವ ಎಲ್ಲರೂ ಹೆಚ್ಚುಕಡಿಮೆ 50ರಿಂದ 70 ಸಾವಿರ ವರ್ಷಗಳ ಹಿಂದೆ ಹೊರಟ ಸಣ್ಣ ಗುಂಪಿನ ಮಕ್ಕಳು, ದಾರಿಯಲ್ಲಿ ಸಿಕ್ಕ ನಿಯಾಂಡರ್ತಲ್ ಅನ್ನುವ, ಈಗ ಅಳಿದುಹೋದ ಇನ್ನೊಂದು ಬಗೆಯ ಮಾನವರ ಒಂದೆರಡು ಪಾಲು ಬೆರೆಸಿಕೊಂಡವರು. ಹೊರಟವರು ಕೊಂಡೊಯ್ದದ್ದು ಕಣಜದಿಂದ ಒಂದು ಸೇರು ಮಾತ್ರ. ಕಣಜ ಅಲ್ಲೇ ಉಳಿಯಿತು. ಅದಕ್ಕೇ ಅತಿ ಹೆಚ್ಚು ಜೀನ್ ವೈವಿಧ್ಯ ಇರುವುದು ಆಫ್ರಿಕಾದಲ್ಲಿ. ‘ಕರಿಯರು’ ಅಂತ ಒಂದೇ ಡಬ್ಬಿಗೆ ತುಂಬಿದ ಜನರೇ ಎಲ್ಲರಿಗಿಂತ ಹೆಚ್ಚು ಬಗೆಬಗೆ! ಚಿಂಪಾಂಜಿಗಳು ಉಳಿದಿರುವುದು ಕೆಲವೇ ಲಕ್ಷ. ಆದರೂ 800 ಕೋಟಿ ಮನುಷ್ಯರಿಗಿಂತ ಅವುಗಳಲ್ಲಿ ವೈವಿಧ್ಯ ಹೆಚ್ಚು. ಪ್ರಾಣಿಶಾಸ್ತ್ರದವರು ಚಿಂಪಾಂಜಿಯಲ್ಲಿ ನಾಲ್ಕು ಉಪಜಾತಿ ಗುರುತಿಸುತ್ತಾರೆ. ಅದೇ ಅಳತೆ ಮನುಷ್ಯರಿಗೆ ಇಟ್ಟರೆ ಒಂದೂ ಸಿಗುವುದಿಲ್ಲ.

ಮಂಡ್ಯ ಎಲ್ಲಿ ಮುಗಿಯುತ್ತದೆ?

ಡಬ್ಬಿ ಇಲ್ಲದಿದ್ದರೆ ಏನಿದೆ? 1962ರಲ್ಲಿ ಫ್ರಾಂಕ್ ಲಿವಿಂಗ್‌ಸ್ಟನ್ ಅನ್ನುವ ಮಾನವಶಾಸ್ತ್ರಜ್ಞ ಹೇಳಿದ್ದು, ರೇಸ್‌ಗಳಿಲ್ಲ, ಇರುವುದು ಇಳಿಜಾರು ಮಾತ್ರ ಅಂತ. ಪಾರಿಭಾಷಿಕ ಪದ ಬೇಡ, ನಮ್ಮ ಮಾತನ್ನೇ ನೋಡಿ.

ಮಂಡ್ಯದಿಂದ ಧಾರವಾಡಕ್ಕೆ ನಡೆದುಕೊಂಡು ಹೊರಡಿ. ಹಳ್ಳಿಯಿಂದ ಹಳ್ಳಿಗೆ ಮಾತು ಚೂರುಚೂರೇ ಬದಲಾಗುತ್ತದೆ. ‘ಐತೆ’ ಇದ್ದದ್ದು ಎಲ್ಲೋ ‘ಐತಿ’ ಆಗುತ್ತದೆ. ಆದರೆ ‘ಇಲ್ಲಿಗೆ ಒಂದು ಕನ್ನಡ ಮುಗಿಯಿತು’ ಅಂತ ಬೋರ್ಡ್ ಹಾಕುವ ಊರು ಸಿಗುವುದಿಲ್ಲ. ಎರಡು ತುದಿ ಮಾತ್ರ ನೋಡಿದವರಿಗೆ ಎರಡು ಬೇರೆ ಕನ್ನಡ. ನಡೆದುಕೊಂಡು ಹೋದವರಿಗೆ ಒಂದೇ ಇಳಿಜಾರು. ಹಡಗಿನಲ್ಲಿ ಬಂದ ಯುರೋಪಿನವರು ತುದಿಗಳನ್ನೇ ನೋಡಿದರು. ಪೋರ್ಚುಗಲ್‌ನಲ್ಲಿ ಹತ್ತಿ ಗಿನಿಯಲ್ಲಿ ಇಳಿದರೆ ಜನ ದಿಢೀರ್ ಬದಲಾದ ಹಾಗೆ ಕಾಣುತ್ತದೆ. ನೈಲ್ ನದಿಯ ದಂಡೆ ಹಿಡಿದು ನಡೆದವನಿಗೆ ಬಣ್ಣ ಎಲ್ಲಿ ಬದಲಾಯಿತು ಅಂತ ಗೊತ್ತೇ ಆಗುವುದಿಲ್ಲ.

ಇನ್ನೊಂದು ಮುಖ್ಯ ಸಂಗತಿ ಇದರಲ್ಲೇ ಇದೆ. ‘ಬೇಡ’ ಅನ್ನುವುದಕ್ಕೆ ‘ಬ್ಯಾಡ’ ಅನ್ನುವವರನ್ನು ಒಂದು ಗುಂಪು ಮಾಡಿ. ಮಂಡ್ಯದ ಹಳ್ಳಿಯವರು, ಧಾರವಾಡದ ಹಳ್ಳಿಯವರು ಒಟ್ಟಿಗೆ ಬರುತ್ತಾರೆ. ಈಗ ‘ಹಳ್ಳಿ’ಗೆ ‘ಅಳ್ಳಿ’ ಅನ್ನುವವರನ್ನು ಗುಂಪು ಮಾಡಿ. ಮಂಡ್ಯದವರು ಒಳಗೆ, ಧಾರವಾಡದವರು ಹೊರಗೆ. ಮೂರನೆಯ ಪದ ತೆಗೆದುಕೊಂಡರೆ ನಕ್ಷೆ ಇನ್ನೊಂದೇ ಥರ. ಮನುಷ್ಯರ ಮೈಯಲ್ಲೂ ಹೀಗೇ. ಬಣ್ಣಕ್ಕೆ ಒಂದು ನಕ್ಷೆ, ಮೂಗಿಗೆ ಒಂದು, ರಕ್ತದ ಗುಂಪಿಗೆ ಒಂದು, ಹಾಲು ಅರಗಿಸಿಕೊಳ್ಳುವ ಶಕ್ತಿಗೆ ಮತ್ತೊಂದು. ಇವು ಒಂದರ ಮೇಲೊಂದು ಕೂರುವುದಿಲ್ಲ. ದೊಡ್ಡವರಾದ ಮೇಲೂ ಹಾಲು ಅರಗುವವರನ್ನು ಒಂದು ರೇಸ್ ಅಂದರೆ ಸ್ವೀಡನ್ನಿನವರು, ಪಂಜಾಬಿಗಳು, ಕೀನ್ಯಾದ ಮಸಾಯಿ ದನಗಾಹಿಗಳು ಒಂದೇ ಕುಲ. ಹಾಲು ಕುಡಿದರೆ ಹೊಟ್ಟೆ ಗುಡುಗುಡು ಅಂದು ಮಜ್ಜಿಗೆಗೆ ಮೊರೆಹೋಗುವ ಅನೇಕ ದಕ್ಷಿಣದವರು ಚೀನಾದವರ ಪಂಕ್ತಿಯಲ್ಲಿ!

ಬಣ್ಣದ ವಿಷಯ ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಇಡೀ ಗಲಾಟೆ ಶುರುವಾದದ್ದೇ ಅಲ್ಲಿ. ಬಣ್ಣ ತಯಾರಿಸುವ ಜೀವಕೋಶಗಳ ಸಂಖ್ಯೆ ಎಲ್ಲರ ಚರ್ಮದಲ್ಲೂ ಹೆಚ್ಚುಕಡಿಮೆ ಒಂದೇ. ಅವು ಮೆಲನಿನ್ ಅನ್ನುವ ಬಣ್ಣದ ವಸ್ತುವನ್ನು ಎಷ್ಟು ಮಾಡುತ್ತವೆ, ಯಾವ ಬಗೆಯದು ಮಾಡುತ್ತವೆ ಅನ್ನುವುದರಲ್ಲಿ ವ್ಯತ್ಯಾಸ. ಬಿಸಿಲಿನ ಅತಿನೇರಳೆ ಕಿರಣ ಜಾಸ್ತಿ ಬಿದ್ದರೆ ಮೈಯಲ್ಲಿರುವ ಫೋಲೇಟ್ ಹಾಳಾಗುತ್ತದೆ. ಗರ್ಭಿಣಿಯರಿಗೆ ಡಾಕ್ಟರು ಫೋಲಿಕ್ ಆ್ಯಸಿಡ್ ಮಾತ್ರೆ ಕೊಡುತ್ತಾರಲ್ಲ, ಅದೇ ವಿಟಮಿನ್. ಹಾಗಾಗಿ ಬಿಸಿಲ ನಾಡಿನಲ್ಲಿ ಕಪ್ಪು ಚರ್ಮ ಕೊಡೆಯ ಹಾಗೆ. ಅದೇ ಕೊಡೆ ಮೋಡ ಮುಸುಕಿದ ನಾಡಿನಲ್ಲಿ ತೊಂದರೆ, ವಿಟಮಿನ್ ಡಿ ತಯಾರಾಗಲು ಬೇಕಾದಷ್ಟು ಕಿರಣ ಒಳಗೆ ಬರುವುದಿಲ್ಲ. ಬಣ್ಣದ ನಕ್ಷೆ ಬಿಸಿಲಿನ ನಕ್ಷೆಯನ್ನು ಹಿಂಬಾಲಿಸುವುದು ಈ ಎರಡರ ಹಗ್ಗಜಗ್ಗಾಟದಿಂದ ಅಂತ ಮಾನವಶಾಸ್ತ್ರಜ್ಞೆ ನೀನಾ ಜಬ್ಲಾನ್ಸ್ಕಿ 2000ದಲ್ಲಿ ವಾದ ಮಂಡಿಸಿದರು. ಬುದ್ಧಿಗೂ ಗುಣಕ್ಕೂ ಈ ಲೆಕ್ಕದಲ್ಲಿ ಕೆಲಸವೇ ಇಲ್ಲ.

ಬಿಳಿ ಬಣ್ಣದ ಒಂದು ಜೀನ್ ಸಿಕ್ಕಿದ್ದು ಮೀನಿನಲ್ಲಿ. ಜೀಬ್ರಾಫಿಶ್ ಅನ್ನುವ ಪಟ್ಟೆಪಟ್ಟೆ ಮೀನಿನಲ್ಲಿ ಬಣ್ಣ ಮಾಸಿದ ಒಂದು ತಳಿ ಇದೆ. ಅದೇಕೆ ಮಾಸಲು ಅಂತ ಹುಡುಕಿದವರಿಗೆ 2005ರಲ್ಲಿ ಎಸ್‌ಎಲ್‌ಸಿ24ಎ5 ಅನ್ನುವ ಜೀನ್ ಸಿಕ್ಕಿತು. ಯುರೋಪಿನ ಬಹುತೇಕ ಎಲ್ಲರಲ್ಲೂ ಆ ಜೀನ್‌ನ ಒಂದೇ ಒಂದು ಅಕ್ಷರ ಬದಲಾಗಿದೆ. ಹೈದರಾಬಾದಿನವರೂ ಸೇರಿ ನಡೆಸಿದ 2013ರ ಅಧ್ಯಯನದಲ್ಲಿ ಅದೇ ಬದಲಾವಣೆ ಭಾರತದಲ್ಲೂ, ದಕ್ಷಿಣದಲ್ಲೂ ಧಾರಾಳವಾಗಿ ಸಿಕ್ಕಿತು. ಮೂಲವೂ ಒಂದೇ. ಚೀನಾ, ಜಪಾನಿನವರ ತಿಳಿಬಣ್ಣ ಮಾತ್ರ ಬಹುಪಾಲು ಬೇರೆ ಜೀನ್‌ಗಳಿಂದ ಬಂದದ್ದು. ಇಂಗ್ಲೆಂಡಿನಲ್ಲಿ ಸಿಕ್ಕ ಸುಮಾರು 10 ಸಾವಿರ ವರ್ಷ ಹಳೆಯ ಅಸ್ಥಿಪಂಜರದ ಡಿಎನ್‌ಎ ಓದಿ 2018ರಲ್ಲಿ ಮುಖ ಕಟ್ಟಿದಾಗ ಕಪ್ಪು ಮೈ, ನೀಲಿ ಕಣ್ಣಿನವನು ಬಂದ. ಬ್ರಿಟನ್ನಿನ ಪತ್ರಿಕೆಗಳಲ್ಲಿ ಅದು ದೊಡ್ಡ ಸುದ್ದಿಯಾಯಿತು.

ಬಣ್ಣಕ್ಕೆ ಇಂಥ ಹತ್ತಾರು ಜೀನ್‌ಗಳಿವೆ. ಅದಕ್ಕೇ ನಮ್ಮ ಮದುವೆ ಆಲ್ಬಮ್ಮಿನಲ್ಲಿ ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬಳು ಎಣ್ಣೆಗೆಂಪು, ಒಬ್ಬಳು ಗೋಧಿ ಬಣ್ಣ, ತಮ್ಮ ನೇರಳೆ ಹಣ್ಣು. ಇಸ್ಪೀಟು ಕಲಸಿ ಹಂಚಿದ ಹಾಗೆ. ಅಕ್ಕತಂಗಿಯರನ್ನು ಎರಡು ರೇಸ್‌ಗೆ ಹಾಕುವ ಗೋಜಿಗೆ ಯಾರೂ ಹೋಗುವುದಿಲ್ಲ. ವರದಕ್ಷಿಣೆ ಮಾತ್ರ ಬೇರೆ ಬೇರೆ ಕೇಳುತ್ತಾರೆ, ಆ ಮಾತು ಬಿಡಿ.

ಸಿಕಲ್ ಸೆಲ್ ಕಾಯಿಲೆಯ ನಕ್ಷೆ ಇನ್ನೂ ಚೆನ್ನಾಗಿ ಪಾಠ ಹೇಳುತ್ತದೆ. ಇದರಲ್ಲಿ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗುತ್ತದೆ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಮೈಕೈ ನೋವು ಪ್ರಾಣ ಹಿಂಡುತ್ತದೆ. ಅಮೆರಿಕದಲ್ಲಿ ಇದನ್ನು ಕರಿಯರ ಕಾಯಿಲೆ ಅಂತಲೇ ಬಹುಕಾಲ ನಂಬಿದ್ದರು. ನಿಜವಾಗಿ ಅದು ಮಲೇರಿಯಾ ನಾಡಿನ ಗುರುತು. ಅಪ್ಪ, ಅಮ್ಮ ಇಬ್ಬರಿಂದಲೂ ಬಂದರೆ ಕಾಯಿಲೆ. ಒಬ್ಬರಿಂದ ಮಾತ್ರ ಬಂದರೆ ಮಲೇರಿಯಾ ಜೋರಾಗಿ ಹತ್ತುವುದಿಲ್ಲ, ಮಗು ಬದುಕುತ್ತದೆ. ಹಾಗಾಗಿ ಅದು ಗ್ರೀಸಿನ ಓರ್ಖೊಮೆನೋಸ್ ಸುತ್ತಮುತ್ತ ಇದೆ, ಅರೇಬಿಯಾದಲ್ಲಿದೆ, ಮಧ್ಯ ಭಾರತದ ಕಾಡುಗಳಲ್ಲಿದೆ. ನೀಲಗಿರಿಯ ಬುಡಕಟ್ಟುಗಳಲ್ಲಿ 1952ರಲ್ಲೇ ಪತ್ತೆಯಾಗಿತ್ತು. ನಮ್ಮ ಚಾಮರಾಜನಗರ, ಮೈಸೂರು, ಕೊಡಗಿನ ಹಾಡಿಗಳಲ್ಲೂ ಇದೆ. ದಕ್ಷಿಣ ಆಫ್ರಿಕಾದ ಕೋಸಾ ಜನರಲ್ಲಿ, ನೆಲ್ಸನ್ ಮಂಡೇಲಾ ಅವರ ಸಮುದಾಯ ಅದು, ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕೇಂದ್ರ ಸರ್ಕಾರ 2023ರಲ್ಲಿ ಸಿಕಲ್ ಸೆಲ್ ನಿರ್ಮೂಲನೆಯ ಅಭಿಯಾನ ಶುರು ಮಾಡಿದಾಗ ಬಣ್ಣ ನೋಡಿ ಯಾರನ್ನೂ ಆರಿಸಲಿಲ್ಲ. ಕಾಯಿಲೆ ಇರುವ ಜಿಲ್ಲೆ, ಅಲ್ಲಿಯ ಬುಡಕಟ್ಟು ನೋಡಿ ಆರಿಸಿತು.

ಹಾಗಾದರೆ ಡಿಎನ್‌ಎ ಕಿಟ್ ಹೇಗೆ ಹೇಳುತ್ತದೆ?

ಇಷ್ಟು ಹೇಳಿದಾಗ ಜಾಣರು ಒಂದು ಪ್ರಶ್ನೆ ಕೇಳುತ್ತಾರೆ. ಕೇಳಲೇಬೇಕು. ಎಂಜಲು ಕಳಿಸಿದರೆ ‘ನೀವು ದಕ್ಷಿಣ ಏಷ್ಯಾದವರು’ ಅಂತ ಹೇಳುವ ಕಿಟ್‌ಗಳಿವೆ, ಅವು ಸುಳ್ಳಾ?

ಸುಳ್ಳಲ್ಲ. ಒಂದು ಜೀನ್ ನೋಡಿದರೆ ಏನೂ ಗೊತ್ತಾಗುವುದಿಲ್ಲ, ನೂರಾರು ಒಟ್ಟಿಗೆ ನೋಡಿದರೆ ಹಿರಿಯರು ಎಲ್ಲಿಯವರು ಅಂತ ಊಹಿಸಬಹುದು. ಲೆವೊಂಟಿನ್ ಇದನ್ನು ಗಮನಿಸಲಿಲ್ಲ ಅಂತ 2003ರಲ್ಲಿ ಬ್ರಿಟನ್ನಿನ ತಳಿವಿಜ್ಞಾನಿ ಎ.ಡಬ್ಲ್ಯು.ಎಫ್. ಎಡ್ವರ್ಡ್ಸ್ ಆಕ್ಷೇಪ ತೆಗೆದರು. ಆಕ್ಷೇಪ ಸರಿಯೇ. “ರೇಸ್ ಸುಳ್ಳು, ಹಾಗಾಗಿ ಯಾವ ವ್ಯತ್ಯಾಸವೂ ಇಲ್ಲ” ಅಂತ ಸುಮ್ನೆ ಭಾಷಣ ಮಾಡುವವರನ್ನು ಕಂಡರೆ ನನಗೂ ಕಿರಿಕಿರಿ. ಮಾತು ಕೇಳಿ ಮಂಡ್ಯವೋ ಮಂಗಳೂರೋ ಅಂತ ನಾವು ಥಟ್ಟನೆ ಹೇಳುತ್ತೇವೆ, ಅಲ್ವಾ? ಹಾಗಂತ ಕನ್ನಡದಲ್ಲಿ ಇಷ್ಟೇ ಡಬ್ಬಿ ಇವೆ ಅಂತ ಆಗುವುದಿಲ್ಲ.

2002ರಲ್ಲಿ ನೋವಾ ರೋಸೆನ್‌ಬರ್ಗ್ ತಂಡ 52 ಸಮುದಾಯಗಳ 1056 ಜನರ ಡಿಎನ್‌ಎಯನ್ನು ಕಂಪ್ಯೂಟರಿಗೆ ಕೊಟ್ಟಿತು. ಎಷ್ಟು ಗುಂಪು ಮಾಡಬೇಕು ಅಂತ ಹೇಳಬೇಕಾದ್ದು ನಾವು. ಐದು ಅಂದರೆ ಹೆಚ್ಚುಕಡಿಮೆ ಖಂಡಗಳ ಹಾಗೆ ಐದು ಮಾಡಿತು. ‘ನೋಡಿ, ಬ್ಲೂಮೆನ್‌ಬಾಖ್ ಗೆದ್ದ’ ಅಂತ ಕೆಲವರು ಕುಣಿದರು. ಆರು ಮಾಡು ಅಂದಾಗ ಆರನೆಯ ಗುಂಪಾಗಿ ಹೊರಬಂದದ್ದು ಪಾಕಿಸ್ತಾನದ ಬೆಟ್ಟಗಳಲ್ಲಿರುವ ಕಲಾಶ್ ಅನ್ನುವ ಕೆಲವೇ ಸಾವಿರ ಜನ. ಶತಮಾನಗಳ ಕಾಲ ತಮ್ಮತಮ್ಮಲ್ಲೇ ಮದುವೆಯಾದವರು. ಅವರು ಮನುಷ್ಯಕುಲದ ಆರನೆಯ ರೇಸಾ? ಅದೇ ಅಧ್ಯಯನದಲ್ಲಿ 93ರಿಂದ 95 ಪಾಲು ವ್ಯತ್ಯಾಸ ಆಯಾ ಸಮುದಾಯದ ಒಳಗೇ ಇತ್ತು. ಅದನ್ನು ಮಾತ್ರ ಯಾರೂ ಎತ್ತಿ ಆಡುವುದಿಲ್ಲ.

ಕಲಾಶರ ಮಾತು ನಮಗೂ ತಾಗುತ್ತದೆ. ಭಾರತದ ಬಹುತೇಕ ಎಲ್ಲರೂ ಬೆರಕೆ. ಎರಡು ದೊಡ್ಡ ಪೂರ್ವಜ ಗುಂಪುಗಳು ಸುಮಾರು 4200ರಿಂದ 1900 ವರ್ಷಗಳ ಹಿಂದಿನ ನಡುವೆ ಚೆನ್ನಾಗಿ ಕಲೆತವು ಅಂತ 2013ರ ಒಂದು ಅಧ್ಯಯನ ಹೇಳಿತು. ಆಮೇಲೆ ಬಾಗಿಲು ಮುಚ್ಚಿತು. ಜಾತಿಯೊಳಗೇ ಮದುವೆ, ನಮ್ಮ ಕಡೆ ಸೋದರಮಾವನ ಜೊತೆಗೂ. ಇದರ ಗುರುತು ರಕ್ತದಲ್ಲಿ ಉಳಿದಿದೆ. ಆಂಧ್ರ ಮೂಲದ ವೈಶ್ಯ ಸಮುದಾಯದಲ್ಲಿ ಕೆಲವರಿಗೆ ಅರಿವಳಿಕೆ ಹೊತ್ತಿನಲ್ಲಿ ಕೊಡುವ ಒಂದು ಸ್ನಾಯು ಸಡಿಲಿಸುವ ಔಷಧ ಬೇಗ ಇಳಿಯುವುದಿಲ್ಲ, ಅದನ್ನು ಒಡೆಯುವ ಕಿಣ್ವ ಅವರಲ್ಲಿ ಕೊರತೆ. ಅರಿವಳಿಕೆ ಡಾಕ್ಟರುಗಳಿಗೆ ಇದು ಗೊತ್ತು. ಆದರೆ ಇದು ಒಂದು ಜೀನ್, ಒಂದು ಕಿಣ್ವದ ಮಾತು. ಕೆಲವೇ ಹಿರಿಯರಿಂದ ಬಂದ ಗುಂಪು ಬಾಗಿಲು ಹಾಕಿಕೊಂಡರೆ ಎಲ್ಲಿಯಾದರೂ ಆಗುವಂಥದ್ದು. ಇದರಿಂದ ಜಾತಿ ಒಂದು ರೇಸ್ ಆಗುವುದಿಲ್ಲ.

ಸರ್ಕಾರಗಳಿಗೆ ಈ ಸೂಕ್ಷ್ಮ ಬೇಕಿಲ್ಲ, ಫಾರಂ ತುಂಬಬೇಕು. ಅಮೆರಿಕದಲ್ಲಿ 1922ರಲ್ಲಿ ಜಪಾನಿನ ಒಬ್ಬನಿಗೆ ಸುಪ್ರೀಂ ಕೋರ್ಟ್ ಹೇಳಿತು: ನೀನು ಕಕೇಶಿಯನ್ ಅಲ್ಲ, ಪೌರತ್ವ ಇಲ್ಲ. ಮರುವರ್ಷ ಪಂಜಾಬಿನ ಭಗತ್ ಸಿಂಗ್ ಥಿಂಡ್ ಹೋದರು. ಅವರು ಅಮೆರಿಕದ ಸೇನೆಯಲ್ಲಿ ಇದ್ದವರು. ನಿಮ್ಮ ಪುಸ್ತಕಗಳ ಪ್ರಕಾರವೇ ನಾನು ಕಕೇಶಿಯನ್ ಅಂದರು. ಪುಸ್ತಕ ಏನಾದರೂ ಹೇಳಲಿ, ಸಾಮಾನ್ಯ ಜನ ನಿನ್ನನ್ನು ಬಿಳಿಯ ಅನ್ನುವುದಿಲ್ಲ ಅಂತ ಅದೇ ಕೋರ್ಟ್ ಅಂದಿತು. 1930ರ ಅಲ್ಲಿಯ ಜನಗಣತಿಯಲ್ಲಿ ಭಾರತೀಯರ ರೇಸ್ ‘ಹಿಂದೂ’, ಸಿಖ್ಖರಾಗಿದ್ದರೂ, ಮುಸ್ಲಿಮರಾಗಿದ್ದರೂ. 1970ರಲ್ಲಿ ‘ಬಿಳಿಯರು’. 1980ರಿಂದ ‘ಏಷಿಯನ್ ಇಂಡಿಯನ್’. ಅಲ್ಲಿ ಐವತ್ತು ವರ್ಷ ಇದ್ದ ಒಬ್ಬ ಮುದುಕ ಚರ್ಮ ಬದಲಿಸದೆ ಮೂರು ರೇಸ್ ಬದಲಿಸಿರುತ್ತಾನೆ. ನಗು ಬರುತ್ತದೆ, ಆದರೆ ನಾವೇನು ಕಡಿಮೆ ಅಲ್ಲ. 2012ರ ಆಗಸ್ಟ್‌ನಲ್ಲಿ ಈಶಾನ್ಯದ ಸಾವಿರಾರು ಜನ ವದಂತಿಗೆ ಹೆದರಿ ಬೆಂಗಳೂರಿನ ಸ್ಟೇಷನ್ನಿನಲ್ಲಿ ಗುವಾಹಟಿ ರೈಲಿಗೆ ಮುಗಿಬಿದ್ದರು. ಮುಖ ನೋಡಿ ಗುರುತು ಹಿಡಿಯುತ್ತಾರೆ ಅನ್ನುವುದೇ ಅವರ ಭಯ.

ಕೊನೆಗೆ ಒಂದು ಕಾಗದದ ವಿಷಯ. ಕೆಲವು ವರ್ಷಗಳ ಹಿಂದೆ ನನ್ನ ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಅನ್ನುವುದಕ್ಕೆ ಎರಡು ಸಾಲು ಇತ್ತು. ಒಂದು ‘ಆಫ್ರಿಕನ್ ಅಮೆರಿಕನ್’, ಇನ್ನೊಂದು ‘ಉಳಿದವರು’. ಬೆಂಗಳೂರಿನ ಲ್ಯಾಬಿನಲ್ಲಿ! ಅಮೆರಿಕದ ಸೂತ್ರವನ್ನು ಹಾಗೇ ಸಾಫ್ಟ್‌ವೇರಿಗೆ ಇಳಿಸಿದ್ದರು. ಆ ಸೂತ್ರದಲ್ಲಿ ರೋಗಿ ಕರಿಯನಾದರೆ ಬಂದ ಅಂಕಿಯನ್ನು 1.212ರಿಂದ ಗುಣಿಸಬೇಕಿತ್ತು. ಕರಿಯರಿಗೆ ಸ್ನಾಯು ಜಾಸ್ತಿ, ಹಾಗಾಗಿ ಸ್ನಾಯುವಿನಿಂದ ಬರುವ ಕ್ರಿಯಾಟಿನಿನ್ ಅನ್ನುವ ಕಸವೂ ರಕ್ತದಲ್ಲಿ ಜಾಸ್ತಿ ಅನ್ನುವ ಊಹೆ ಅದರ ಹಿಂದೆ. ಗುಣಿಸಿದರೆ ಕಿಡ್ನಿ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಕಸಿಗಾಗಿ ಕಾಯುವವರ ಪಟ್ಟಿಗೆ ಹೆಸರು ತಡವಾಗಿ ಸೇರುತ್ತದೆ. 2021ರಲ್ಲಿ ಅಲ್ಲಿಯ ಕಿಡ್ನಿ ತಜ್ಞರು ರೇಸ್ ಬಿಟ್ಟು ಹೊಸ ಸೂತ್ರ ಮಾಡಿದರು. 2023ರಿಂದ, ತಡವಾಗಿ ಪಟ್ಟಿಗೆ ಸೇರಿದ ಕಪ್ಪು ರೋಗಿಗಳಿಗೆ ಕಳೆದುಹೋದ ಕಾಯುವ ಕಾಲವನ್ನು ಸೇರಿಸಿಕೊಡುವಂತೆ ಅಲ್ಲಿಯ ಆಸ್ಪತ್ರೆಗಳಿಗೆ ಹೇಳಲಾಯಿತು.

ಆ ರಿಪೋರ್ಟ್ ಯಲ್ಲಾಪುರದ ಸಿದ್ದಿಯೊಬ್ಬರ ಕೈಗೆ ಹೋಗಿದ್ದರೆ? ಮೇಲಿನ ಸಾಲು ನೋಡಬೇಕೋ, ಕೆಳಗಿನದೋ? ಆಫ್ರಿಕನ್ ಹೌದು, ಅಮೆರಿಕನ್ ಅಲ್ಲ, 60-75 ಪಾಲು ಅತ್ತ, ಉಳಿದದ್ದು ಇತ್ತ, ಊಟ ಕುಚ್ಚಲಕ್ಕಿ ಗಂಜಿ. ಹೊಸ ಸೂತ್ರ ಹಾಕಿದ ರಿಪೋರ್ಟಿನಲ್ಲಿ ಒಂದೇ ಸಾಲು ಇರುತ್ತದೆ. ಅದು ಕೇಳುವುದು ರಕ್ತದಲ್ಲಿರುವ ಕ್ರಿಯಾಟಿನಿನ್ ಎಷ್ಟು, ವಯಸ್ಸೆಷ್ಟು, ಗಂಡೋ ಹೆಣ್ಣೋ ಅಂತ ಮಾತ್ರ.